ಸ್ಕೇಲ್ ಮಾಡೆಲ್ ಪಾರ್ಸೆಲ್: ಸುತ್ತಿ ಕಳಿಸೋದಾ, ಕೂರಿಸಿ ಕಳಿಸೋದಾ?

ನಮ್ಮ ಸೋದರಮಾವ ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವರು. ಈಗ ಶಿವಮೊಗ್ಗದಲ್ಲಿದ್ದಾರೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ ಆಯಿತಲ್ಲ, ಅವತ್ತು ಸಂಜೆ ಫೋನ್ ಮಾಡಿದರು. ‘ನನಗೊಂದು ಮಿಗ್ ಮಾಡಿಕೊಡೋ. ಟಿವಿ ಪಕ್ಕ ಇಟ್ಕೊಳ್ತೀನಿ’ ಅಂದರು.

ಮಾಡಿದೆ. 1:72 ಅಳತೆಯ ಪ್ಲಾಸ್ಟಿಕ್ ಮಾದರಿ, ಸ್ಕೇಲ್ ಮಾಡೆಲ್ ಅನ್ನುತ್ತಾರಲ್ಲ, ಅದು. ಅಂದರೆ ನಿಜವಾದ ವಿಮಾನದ 72 ಇಂಚು ಇಲ್ಲಿ ಒಂದು ಇಂಚು. ಆರಡಿ ಮನುಷ್ಯ ಒಂದಿಂಚು ಆಗುತ್ತಾನೆ. ಮಿಗ್ ಸುಮಾರು 20 ಸೆಂ.ಮೀ. ಉದ್ದ ಬರುತ್ತದೆ. ಎರಡು ತಿಂಗಳ ಸಂಜೆಗಳು ಅದಕ್ಕೇ ಹೋದವು. ಮುಗಿದ ಮೇಲೆ ಬಬಲ್ ರ್ಯಾಪ್‌ನಲ್ಲಿ ಮೂರು ಸುತ್ತು ಬಿಗಿಯಾಗಿ ಸುತ್ತಿದೆ. ರಟ್ಟಿನ ಡಬ್ಬಿಗೆ ಹಾಕಿ, ಸಂದಿಗೆಲ್ಲ ಹಳೇ ಪೇಪರ್ ತುರುಕಿ, ಕೊರಿಯರ್‌ಗೆ ಕೊಟ್ಟೆ.

ಮೂರನೇ ದಿನ ಮಾವನ ಫೋನ್. ‘ಬಂತು ಕಣೋ. ಆದ್ರೆ ಬಿಡಿ ಭಾಗ ಬಂದಿದೆ. ನಾನೇ ಜೋಡಿಸ್ಕೋಬೇಕಾ?’

ಫೋಟೋ ಕಳಿಸಿದರು. ಮೂತಿಯ ಮೇಲಿನ ಉದ್ದನೆಯ ಪಿಟೋ ಕಡ್ಡಿ (ವಿಮಾನದ ವೇಗ ಅಳೆಯುವ ನಳಿಗೆ) ತುಂಡಾಗಿತ್ತು. ಎರಡು ಕ್ಷಿಪಣಿ ಕಳಚಿದ್ದವು. ಒಂದು ಚಕ್ರದ ಕಾಲು ಮಡಚಿಕೊಂಡಿತ್ತು. ಆದರೆ ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ! ಕೊರಿಯರ್‌ನವರನ್ನು ಬೈಯೋಣ ಅಂತ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅದನ್ನು ಮುರಿದದ್ದು ನಾನೇ. ಬಿಗಿಯಾಗಿ ಸುತ್ತಿದ ಆ ಮೂರು ಸುತ್ತೇ ಕಡ್ಡಿಯನ್ನು ಬಗ್ಗಿಸಿ ಹಿಡಿದಿತ್ತು. ದಾರಿಯಲ್ಲಿ ಬಿದ್ದ ಏಟು ಉಳಿದ ಕೆಲಸ ಮುಗಿಸಿತು.

ಆಮೇಲೆ ಬೇರೆ ಬೇರೆ ರೀತಿ ಪ್ಯಾಕ್ ಮಾಡಿ, ಬೇರೆ ಬೇರೆ ದಾರಿಯಲ್ಲಿ ಕಳಿಸಿ ನೋಡಿದ್ದೇನೆ. ಯಾವುದು ಯಾವುದಕ್ಕೆ ಸರಿ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಬ್ಬಿ ಗಟ್ಟಿ ಇದ್ದರೂ ಒಳಗಿನದು ಯಾಕೆ ಮುರಿಯುತ್ತದೆ?

ಪಾರ್ಸೆಲ್ ಬಿದ್ದೇ ಬೀಳುತ್ತದೆ. ಇದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಬೇಕು. ಪ್ಯಾಕಿಂಗ್ ಪರೀಕ್ಷೆಗೆ ‘ಇಸ್ಟಾ’ ಅನ್ನುವ ಸಂಸ್ಥೆಯ ನಿಯಮಗಳಿವೆ. ಅದರಲ್ಲಿ ಸರಳವಾದ ಪರೀಕ್ಷೆಯಲ್ಲೇ ಒಂಬತ್ತು ಕೆಜಿ ಒಳಗಿನ ಡಬ್ಬಿಯನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಒಂದು ಮೂಲೆ, ಮೂರು ಅಂಚು, ಆರು ಮುಖ. 76 ಸೆಂ.ಮೀ. ಅಂದರೆ ಹೆಚ್ಚೂ ಕಡಿಮೆ ನಮ್ಮ ಊಟದ ಮೇಜಿನ ಎತ್ತರ.

ಈಗ ಒಂದು ಸಣ್ಣ ಲೆಕ್ಕ. ಅಷ್ಟು ಎತ್ತರದಿಂದ ಬಿದ್ದ ವಸ್ತು 1 ಸೆಂ.ಮೀ. ಜಾಗದಲ್ಲಿ ಗಕ್ಕನೆ ನಿಂತರೆ, ಆ ಕ್ಷಣಕ್ಕೆ ಅದರ ಪ್ರತಿ ಭಾಗವೂ ಸುಮಾರು 76 ಪಟ್ಟು ಭಾರವಾಗುತ್ತದೆ. ರೆಕ್ಕೆಯ ಕೆಳಗೆ ನೇತಾಡುವ ಪುಟ್ಟ ಇಂಧನದ ಟ್ಯಾಂಕ್ 2 ಗ್ರಾಂ ಇದೆ ಅಂದುಕೊಳ್ಳಿ. ಆ ಕ್ಷಣ ಅದು 150 ಗ್ರಾಂ ಆಗಿ ಎಳೆಯುತ್ತದೆ. ಅದನ್ನು ಹಿಡಿದಿರುವುದೋ, ಸಾಸಿವೆ ಕಾಳಿನಷ್ಟು ಅಂಟು. ಅದೇ ವಸ್ತು 4 ಸೆಂ.ಮೀ. ಜಾಗದಲ್ಲಿ ಮೆತ್ತಗೆ ನಿಂತರೆ ಭಾರ 19 ಪಟ್ಟು ಮಾತ್ರ. ಮೆತ್ತೆಯ ಕೆಲಸ ಇಷ್ಟೇ: ನಿಲ್ಲುವುದಕ್ಕೆ ಜಾಗ ಕೊಡುವುದು.

ಹಾಗಾಗಿ ಮೆತ್ತೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು. 80 ಗ್ರಾಂ ತೂಗುವ ಪ್ಲಾಸ್ಟಿಕ್ ವಿಮಾನವನ್ನು ಥರ್ಮಾಕೋಲ್ ಮೇಲೆ ಇಟ್ಟರೆ ಅದು ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಕಲ್ಲಿನ ಮೇಲೆ ಇಟ್ಟ ಹಾಗೇ. ಅದಕ್ಕೆ ಮೆತ್ತನೆಯ ಫೋಮ್ ಬೇಕು. ಇನ್ನು ಒಂದು ಕೆಜಿ ತೂಗುವ 1:18ರ ಲೋಹದ ಕಾರು ಅದೇ ಮೆತ್ತನೆ ಸ್ಪಂಜನ್ನು ತಳದವರೆಗೆ ಅಮುಕಿಕೊಂಡು ಹೋಗಿ ಡಬ್ಬಿಯ ಗೋಡೆಗೆ ಬಡಿಯುತ್ತದೆ. ಅದಕ್ಕೆ ಗಟ್ಟಿ ಫೋಮೇ ಸರಿ.

ಅಂಟನ್ನೂ ಮರೆಯಬೇಡಿ. ಪ್ಲಾಸ್ಟಿಕ್ ಸಿಮೆಂಟ್ ಎರಡು ಭಾಗಗಳನ್ನು ಕರಗಿಸಿ ಒಂದು ಮಾಡುತ್ತದೆ. ಸೂಪರ್ ಗ್ಲೂ ಹಾಗಲ್ಲ. ಒಣಗಿದ ಮೇಲೆ ಗಾಜಿನಂತೆ ಗಟ್ಟಿ, ಹಾಗೇ ಗಾಜಿನಂತೆ ಟಕ್ಕನೆ ಬಿಡುತ್ತದೆ. ಹಿತ್ತಾಳೆಯ ತೆಳು ತುಣುಕು, ರೆಸಿನ್ ಭಾಗಗಳನ್ನೆಲ್ಲ ಸೂಪರ್ ಗ್ಲೂನಲ್ಲೇ ಅಂಟಿಸಿರುತ್ತೇವೆ. ಮೊದಲು ಕಳಚುವುದು ಅವೇ.

ಈಗ ನಿಮ್ಮ ಮಾಡೆಲನ್ನು ಎದುರಿಗೆ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಎಲ್ಲಿ ಹಿಡಿದು ಎತ್ತಿದರೆ ನನಗೆ ಭಯ ಆಗುವುದಿಲ್ಲ? ವಿಮಾನವಾದರೆ ಹೊಟ್ಟೆ, ರೆಕ್ಕೆ ಸೇರುವ ಬುಡ. ಹಡಗಾದರೆ ತಳ. ಯುದ್ಧದ ಟ್ಯಾಂಕಾದರೆ ಎರಡೂ ಬದಿಯ ಚಕ್ರದ ಪಟ್ಟಿ. ಪ್ಯಾಕಿಂಗ್ ಅಲ್ಲಿ ಮಾತ್ರ ಮುಟ್ಟಬೇಕು. ಉಳಿದದ್ದು ಗಾಳಿಯಲ್ಲಿ ಇರಬೇಕು. ಮೊಟ್ಟೆ ಟ್ರೇ ನೋಡಿದ್ದೀರಲ್ಲ? ಅದು ಮೊಟ್ಟೆಯನ್ನು ಸುತ್ತಿಕೊಳ್ಳುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ಕೂರಿಸುತ್ತದೆ.

ಬಬಲ್ ರ್ಯಾಪ್: ಸುಲಭ, ಆದರೆ ಎಲ್ಲದಕ್ಕೂ ಅಲ್ಲ

1957ರಲ್ಲಿ ನ್ಯೂಜೆರ್ಸಿಯಲ್ಲಿ ಆಲ್ಫ್ರೆಡ್ ಫೀಲ್ಡಿಂಗ್, ಮಾರ್ಕ್ ಶವಾನ್ ಅನ್ನುವ ಇಬ್ಬರು ಗೋಡೆಗೆ ಅಂಟಿಸುವ ಹೊಸ ಬಗೆಯ ವಾಲ್‌ಪೇಪರ್ ಮಾಡಲು ಹೋಗಿ ಇದನ್ನು ಕಂಡುಹಿಡಿದರು. ವಾಲ್‌ಪೇಪರ್ ಆಗಿ ಓಡಲಿಲ್ಲ. ಐಬಿಎಂ ಕಂಪನಿ ತನ್ನ 1401 ಕಂಪ್ಯೂಟರ್ ಸಾಗಿಸಲು ಬಳಸಿದ ಮೇಲೆ ಹೆಸರಾಯಿತು. ಅಂದರೆ ಅದು ಹೆಸರು ಮಾಡಿದ್ದೇ ಮೈ ನಯವಾಗಿರುವ, ಭಾರದ ಪೆಟ್ಟಿಗೆಗಳಿಗೆ. ಇವತ್ತಿಗೂ ಅದಕ್ಕೆ ಅದೇ ಕೆಲಸ ಸರಿ.

ಲೋಹದ ಡೈಕಾಸ್ಟ್ ಕಾರು ಅದರ ಕಂಪನಿ ಡಬ್ಬಿಯಲ್ಲೇ ಇದ್ದರೆ, ಆ ಡಬ್ಬಿಗೆ ಎರಡು ಸುತ್ತು ಬಬಲ್ ರ್ಯಾಪ್ ಹಾಕಿ ಕಳಿಸಿ. ಬೇರೇನೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಳಡಬ್ಬಿ, ಹೊರಡಬ್ಬಿ ನಡುವಿನ ಸಂದಿ ತುಂಬಲೂ ಇದು ಚೆನ್ನಾಗಿದೆ. ಆದರೆ ಕಟ್ಟಿ ಬಣ್ಣ ಹಚ್ಚಿದ ಮಾಡೆಲ್‌ನ ಮೈಗೆ ನೇರವಾಗಿ ಸುತ್ತಬೇಡಿ. ಕಡ್ಡಿ ಮುರಿಯುವುದು ಒಂದಾದರೆ, ಗುಳ್ಳೆಗಳ ಗುರುತು ಇನ್ನೊಂದು. ಮ್ಯಾಟ್ ವಾರ್ನಿಶ್ ಮೇಲೆ ಸಣ್ಣ ಸಣ್ಣ ಉಂಗುರ ಮೂಡಿಬಿಡುತ್ತವೆ. ಅವನ್ನು ಒರೆಸಿ ತೆಗೆಯಲು ಆಗುವುದಿಲ್ಲ, ಮತ್ತೆ ವಾರ್ನಿಶ್ ಹೊಡೆಯಬೇಕು. ಎನಾಮಲ್ ಬಣ್ಣ ಹಚ್ಚಿದ್ದರಂತೂ ಅವಸರ ಬೇಡ. ಕೈಗೆ ಒಣಗಿದಂತೆ ಅನ್ನಿಸಿದರೂ ಒಳಗೆ ಹಸಿ ಇರುತ್ತದೆ. ಮೂಗಿನ ಹತ್ತಿರ ಹಿಡಿಯಿರಿ. ಬಣ್ಣದ ವಾಸನೆ ಬರುತ್ತಿದ್ದರೆ ಇನ್ನೊಂದು ವಾರ ಬೀರುವಿನ ಮೇಲೇ ಇರಲಿ.

ಇಲ್ಲೇ ಇನ್ನೊಂದು ಮಾತು. ಶಾಲೆಯಲ್ಲಿ ಕಂಪಾಸ್ ಬಾಕ್ಸ್‌ನೊಳಗೆ ರಬ್ಬರ್ ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಕಿತ್ತರೆ ಸ್ಕೇಲಿನಲ್ಲಿ ಗುಂಡಿ ಬಿದ್ದಿರುತ್ತಿತ್ತು, ನೆನಪಿದೆಯಾ? ರಬ್ಬರನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ವಸ್ತು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೆತ್ತನೆಯ ಪಿವಿಸಿ ಹಾಳೆಯೂ ಇದೇ ಆಟ ಆಡುತ್ತದೆ. ನಮ್ಮ ಪ್ಲಾಸ್ಟಿಕ್ ಮಾಡೆಲ್‌ಗಳು ಹೆಚ್ಚಾಗಿ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನವು. ಹಾಗಾಗಿ ಮೇಜಿಗೆ ಹಾಸುವ ಮೆತ್ತನೆ ಪಾರದರ್ಶಕ ಹಾಳೆ ಚೆನ್ನಾಗಿ ಹಿಡಿಯುತ್ತೆ ಅಂತ ಅದರಲ್ಲಿ ಸುತ್ತಿ ತಿಂಗಳಗಟ್ಟಲೆ ಇಡಬೇಡಿ.

ಟಿಶ್ಯೂ: ಬಡವನ ಮೆತ್ತೆ

ಬಾತ್‌ರೂಮಿನ ಟಿಶ್ಯೂ ರೋಲ್ ಎರಡು ಸಾಕು. ಮಾವಿನಹಣ್ಣಿನ ಪೆಟ್ಟಿಗೆಗೆ ಹುಲ್ಲು ಹಾಸುತ್ತಾರಲ್ಲ, ಅದೇ ಲೆಕ್ಕ. ಮಾಡೆಲ್‌ಗಿಂತ ಸ್ವಲ್ಪವೇ ದೊಡ್ಡ ಡಬ್ಬಿ ತೆಗೆದುಕೊಳ್ಳಿ. ಸಡಿಲವಾಗಿ ಮುದುಡಿದ ಟಿಶ್ಯೂ ಹಾಸಿ. ವಿಮಾನ ಇಟ್ಟು, ರೆಕ್ಕೆಯ ಕೆಳಗಡೆ ಮೊದಲು ತುಂಬಿ, ಆಮೇಲೆ ಮೇಲೆ ತುಂಬಿ. ಎಲ್ಲೂ ಒತ್ತಬೇಡಿ. ಹಗುರವಾದ ಮಾಡೆಲ್‌ಗೆ ಇದು ಹೇಳಿ ಮಾಡಿಸಿದಷ್ಟು ಮೆತ್ತಗಿದೆ. ಬಣ್ಣಕ್ಕೂ ತೊಂದರೆ ಇಲ್ಲ. ಖರ್ಚು ನೂರು ರೂಪಾಯಿ ದಾಟುವುದಿಲ್ಲ.

ಮತ್ತೆ ಯಾಕೆ ಇದೇ ಸಾಲದು? ದಾರಿ ಉದ್ದವಾದಷ್ಟೂ ಟಿಶ್ಯೂ ಕುಗ್ಗುತ್ತದೆ. ಲಾರಿಯ ಕುಲುಕಾಟಕ್ಕೆ ನಾಲ್ಕು ದಿನದಲ್ಲಿ ಮೇಲೆ ಎರಡು ಬೆರಳು ಖಾಲಿ ಜಾಗ ಬಂದುಬಿಡುತ್ತದೆ. ಆಮೇಲೆ ವಿಮಾನ ಒಳಗೇ ಹಾರಾಡಲು ಶುರು. ಇನ್ನೊಂದು, ತೆರೆಯುವವರು ಟಿಶ್ಯೂ ಎಳೆದರೆ ಅದರ ಜೊತೆ ಆಂಟೆನಾ ದಾರವೂ ಬರುತ್ತದೆ. ಬೆಂಗಳೂರಿನಿಂದ ತುಮಕೂರಿಗೆ, ಮೈಸೂರಿಗೆ ಟಿಶ್ಯೂ ಸರಿ. ಗುವಾಹಟಿಗೆ ಬೇಡ.

ಟಿಶ್ಯೂ ಬದಲು ಹತ್ತಿ ಹಾಕೋಣವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಡ. ಹತ್ತಿಯ ಎಳೆ ಪ್ರತಿ ಚೂಪು ಭಾಗಕ್ಕೂ ಸಿಕ್ಕಿಕೊಳ್ಳುತ್ತದೆ. ಥರ್ಮಾಕೋಲ್ ಕಾಳು ಇನ್ನೂ ಕೆಟ್ಟದ್ದು. ಪ್ಲಾಸ್ಟಿಕ್ ಮೈಗೆ ಕರೆಂಟು ಹಿಡಿದಂತೆ ಅಂಟಿಕೊಂಡು ಕಾಕ್‌ಪಿಟ್ ಒಳಗೂ ನುಗ್ಗುತ್ತವೆ. ನ್ಯೂಸ್‌ಪೇಪರ್ ಶಾಯಿ ಬಿಡುತ್ತದೆ. ಅದು ಹೊರಡಬ್ಬಿಗೆ ಮಾತ್ರ.

ಫೋಮ್ ತೊಟ್ಟಿಲು: ಕೈಕೆಲಸ ಜಾಸ್ತಿ, ನಿದ್ದೆಯೂ ಜಾಸ್ತಿ

ವಿಮಾನಕ್ಕೆ ನನ್ನ ಆಯ್ಕೆ ಇದು. ಹೊಸ ಟಿವಿ, ಪೀಠೋಪಕರಣ ಬರುವಾಗ ಜೊತೆಗೆ ಬಿಳಿಯ, ಮೆತ್ತನೆಯ, ಮಡಚಿದರೆ ಮುರಿಯದ ಫೋಮ್ ಬರುತ್ತದಲ್ಲ, ಅದೇ ಇಪಿಇ ಫೋಮ್. ಹೊಸದಾಗಿ ಕೊಳ್ಳಬೇಕಾದರೆ ಬೆಂಗಳೂರಿನಲ್ಲಿ ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆಯ ಪ್ಯಾಕಿಂಗ್ ಅಂಗಡಿಗಳಲ್ಲಿ ಕೇಳಿ. ನಾನು ಮಾತ್ರ ಕೊಂಡದ್ದು ಕಡಿಮೆ. ಪಕ್ಕದ ಬೀದಿಯ ಫರ್ನಿಚರ್ ಅಂಗಡಿಯವರು ‘ತಗೊಂಡ್ಹೋಗಿ ಸಾರ್, ನಮಗೆ ಕಸ’ ಅಂತ ಸುಮ್ನೆ ಕೊಟ್ಟುಬಿಡುತ್ತಾರೆ. ಸೋಫಾ ಕೆಲಸದವರ ಹತ್ತಿರ ಸಿಗುವ ಹಳದಿ ಸ್ಪಂಜೂ ಆಗುತ್ತದೆ, ಇಪಿಇಗಿಂತ ಮೆತ್ತಗೂ ಇದೆ. ಆದರೆ ಅದು ಕೆಲವು ವರ್ಷಕ್ಕೆ ಪುಡಿಯಾಗಿ, ಅಂಟು ಅಂಟಾಗಿ ಮೈಗೆ ಹತ್ತುತ್ತದೆ. ಸಾಗಿಸಲು ಸರಿ, ಡಬ್ಬಿಯಲ್ಲೇ ವರ್ಷಗಟ್ಟಲೆ ಇಡಲು ಬೇಡ.

ಮಾವನ ಮಿಗ್‌ಗೆ ತೊಟ್ಟಿಲು ಮಾಡಿದ ಬಗೆ ಹೇಳುತ್ತೇನೆ. ಸಂಕ್ರಾಂತಿಗೆ ಶಿವಮೊಗ್ಗಕ್ಕೆ ಹೋದವನು ಮುರಿದ ವಿಮಾನವನ್ನು ತೊಡೆಯ ಮೇಲೆ ಇಟ್ಟುಕೊಂಡು ರೈಲಿನಲ್ಲಿ ವಾಪಸ್ ತಂದಿದ್ದೆ. ರಿಪೇರಿ ಆದ ಮೇಲೆ ಮತ್ತೆ ಕಳಿಸುವ ಸರದಿ.

ಮೊದಲು ಕ್ಷಿಪಣಿ, ಇಂಧನದ ಟ್ಯಾಂಕುಗಳನ್ನು ಈ ಸಲ ಅಂಟಿಸಲೇ ಇಲ್ಲ. ರೆಕ್ಕೆಯಲ್ಲಿ ಸಣ್ಣ ತೂತು, ಕ್ಷಿಪಣಿಯಲ್ಲಿ ಹಿತ್ತಾಳೆ ತಂತಿಯ ಮೊಳೆ. ಸಿಕ್ಕಿಸಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಅವನ್ನೆಲ್ಲ ಮಾತ್ರೆ ಇಡುವ ವಾರದ ಡಬ್ಬಿಗೆ ಹಾಕಿದೆ. ಸೋಮವಾರದ ಗೂಡಿನಲ್ಲಿ ಎಡ ರೆಕ್ಕೆಯದು, ಮಂಗಳವಾರದಲ್ಲಿ ಬಲದ್ದು. ಬಿಚ್ಚಿ ಕಳಿಸಬಹುದಾದದ್ದನ್ನು ಬಿಚ್ಚಿಯೇ ಕಳಿಸಿ. ಇದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಇಲ್ಲ. ಆದರೆ ಇದನ್ನು ಮಾಡೆಲ್ ಕಟ್ಟುವಾಗಲೇ ಯೋಚಿಸಿರಬೇಕು.

ಆಮೇಲೆ 28×18×14 ಸೆಂ.ಮೀ. ಒಳಡಬ್ಬಿಯ ತಳಕ್ಕೆ ಫೋಮ್ ಹಾಳೆ ಹಾಸಿದೆ. ಅದರ ಮೇಲೆ ಎರಡು ಫೋಮ್ ತುಂಡು ನಿಲ್ಲಿಸಿದೆ, ಸೇತುವೆಯ ಕಂಬದ ಹಾಗೆ. ಒಂದು ರೆಕ್ಕೆ ಬುಡದ ಕೆಳಗೆ ಬರುವಂತೆ, ಇನ್ನೊಂದು ಬಾಲಕ್ಕೆ ಸ್ವಲ್ಪ ಮುಂದೆ. ಎರಡರಲ್ಲೂ ಹೊಟ್ಟೆಯ ಆಕಾರಕ್ಕೆ ಹಳ್ಳ ಕೊಯ್ದೆ. ಬ್ಲೇಡ್ ಹೊಸದಿರಬೇಕು, ಹಳೆಯದಾದರೆ ಫೋಮ್ ಹರಿಯುತ್ತದೆ. ವಿಮಾನ ಕೂತಾಗ ಚಕ್ರಗಳು ತಳಕ್ಕೆ ತಾಗದೆ ನೇತಾಡಬೇಕು. ರೆಕ್ಕೆಯ ತುದಿಗೂ ಗೋಡೆಗೂ ಎರಡು ಬೆರಳು ಜಾಗ. ಫೋಮ್ ಮತ್ತು ಬಣ್ಣದ ನಡುವೆ ಒಂದು ಪದರ ಟಿಶ್ಯೂ, ಇಲ್ಲವಾದರೆ ಕುಲುಕಾಟಕ್ಕೆ ಮ್ಯಾಟ್ ಬಣ್ಣ ಉಜ್ಜಿ ಹೊಳಪು ಬರುತ್ತದೆ. ಮೇಲಿನಿಂದ ಇನ್ನೆರಡು ತುಂಡು, ಬೆನ್ನಿನ ಮೇಲೆ ಹಗುರವಾಗಿ ಕೂರುವಂತೆ ಮುಚ್ಚಳಕ್ಕೆ ಅಂಟಿಸಿದೆ.

ಉಳಿದದ್ದು ಪಿಟೋ ಕಡ್ಡಿ. ಅದು ಎರಡನೇ ಸಲ ಮುರಿದರೆ ಮಾವ ಬಿಡುತ್ತಾರಾ? ಒಂದು ದಪ್ಪ ಜ್ಯೂಸ್ ಸ್ಟ್ರಾ ತುಂಡನ್ನು ಮುಂದಿನ ಫೋಮ್ ಗೋಡೆಯಲ್ಲಿ ಚುಚ್ಚಿದೆ. ಕಡ್ಡಿಯ ತುದಿ ಅದರ ಒಳಗೆ, ಏನನ್ನೂ ತಾಗದೆ ನಿಲ್ಲುತ್ತದೆ. ವಿಮಾನ ಎತ್ತುವ ಮೊದಲು ಆ ಸ್ಟ್ರಾ ತೆಗೆಯಬೇಕು. ಮರೆಯದಿರಲಿ ಅಂತ ಅದಕ್ಕೊಂದು ಕೆಂಪು ದಾರ ಕಟ್ಟಿದೆ.

ಪ್ಯಾಕ್ ಮಾಡಿದ ಮೇಲೆ ಪರೀಕ್ಷೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಗಿಲಕಿಯಂತೆ ಸದ್ದು ಬಂದರೆ ಮತ್ತೆ ತೆರೆಯಿರಿ. ತಲೆಕೆಳಗೆ ಮಾಡಿ ಹತ್ತು ನಿಮಿಷ ಇಡಿ. ಆಮೇಲೆ ತೆರೆದರೆ ವಿಮಾನ ಇಟ್ಟಲ್ಲೇ ಇರಬೇಕು. ಬೀಳಿಸಿ ನೋಡುವ ಧೈರ್ಯ ಇದ್ದರೆ, ಮಾಡೆಲ್ ಬದಲು ಹುರಿದ ಹಪ್ಪಳ ಕೂರಿಸಿ ಮೇಜಿನ ಮೇಲಿಂದ ತಳ್ಳಿ. ಹಪ್ಪಳ ಉಳಿದರೆ ವಿಮಾನವೂ ಉಳಿಯುತ್ತದೆ ಅಂತ ನಾನು ನಂಬಿದ್ದೇನೆ. ನನ್ನ ಮೊದಲ ಎರಡು ಹಪ್ಪಳ ಉಳಿಯಲಿಲ್ಲ. ಫೋಮ್ ತೀರಾ ಗಟ್ಟಿಯಾಗಿತ್ತು.

ತಳಕ್ಕೆ ಸ್ಕ್ರೂ, ಇಲ್ಲವೇ ಲಾಡಿ: ಹಡಗು, ಟ್ಯಾಂಕುಗಳಿಗೆ

ಹಡಗನ್ನು ತೊಟ್ಟಿಲಲ್ಲಿ ಮಲಗಿಸುವುದು ಕಷ್ಟ. ಮೇಲೆಲ್ಲ ಕಂಬ, ರಾಡಾರ್, ದಾರ. ಮೇಲಿನಿಂದ ಒತ್ತಿ ಹಿಡಿಯುವ ಜಾಗವೇ ಇಲ್ಲ. ಆದರೆ ತಳ ಮಾತ್ರ ಬಂಡೆ. ಹಾಗಾಗಿ ತಳದಿಂದಲೇ ಹಿಡಿಯಬೇಕು. ಕಟ್ಟುವಾಗಲೇ ಒಡಲೊಳಗೆ ಎರಡು ನಟ್ ಕೂರಿಸಿ ಎಪಾಕ್ಸಿ ಅಂಟು ಹಾಕಿಬಿಡಿ. ಸಾಗಿಸುವಾಗ ಪ್ಲೈವುಡ್ ಹಲಗೆಗೆ ಕೆಳಗಿನಿಂದ ಬೋಲ್ಟ್ ಮಾಡಿ. ಹಲಗೆ ಡಬ್ಬಿಯ ತಳಕ್ಕೆ ಅಲ್ಲಾಡದಂತೆ ಕೂರಬೇಕು. ಅತಿ ಎತ್ತರದ ಕಂಬಕ್ಕೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳು ಬಿಡಿ. ಮೇಲೆ ಏನನ್ನೂ ತುಂಬಬೇಡಿ, ಟಿಶ್ಯೂ ಕೂಡ. ಖಾಲಿ ಬಿಟ್ಟು ಕಳಿಸಲು ಮೊದಮೊದಲು ಕೈ ನಡುಗುತ್ತದೆ. ಆದರೆ ಹಡಗಿನ ದಾರಗಳಿಗೆ ಗಾಳಿಯಷ್ಟು ಒಳ್ಳೆಯ ಮೆತ್ತೆ ಬೇರೆ ಇಲ್ಲ.

ತೊಂದರೆ ಗಾತ್ರದ್ದು. ನಮ್ಮ ಈಗಿನ ಐಎನ್‌ಎಸ್ ವಿಕ್ರಾಂತ್ 262 ಮೀಟರ್ ಉದ್ದ. 1:350ರಲ್ಲಿ 75 ಸೆಂ.ಮೀ., 1:700ರಲ್ಲಿ ಸುಮಾರು 37. ಯಾರಿಗಾದರೂ ಕಳಿಸಲೆಂದೇ ಕಟ್ಟುತ್ತಿದ್ದರೆ 1:700 ಆರಿಸಿ. ಮುಕ್ಕಾಲು ಮೀಟರ್ ಹಡಗನ್ನು ಕಳಿಸುವ ತಲೆನೋವು ಮುಂದೆ ನಿಮಗೇ ಗೊತ್ತಾಗುತ್ತದೆ.

ಟ್ಯಾಂಕುಗಳಿಗೆ ಸ್ಕ್ರೂ ಬೇಕಿಲ್ಲ. ಪೈಜಾಮದ ಲಾಡಿ ಸಾಕು! ಹಲಗೆಯಲ್ಲಿ ತೂತು ಮಾಡಿ, ಒಡಲಿನ ಮೇಲೆ ಲಾಡಿ ಹಾಯಿಸಿ ಕೆಳಗೆ ಗಂಟು ಹಾಕಿ. ಫಿರಂಗಿಯ ನಳಿಗೆ ಮೇಲೆ ಹಾಯದಂತೆ ನೋಡಿಕೊಳ್ಳಿ. ತಿರುಗುವ ಗೋಪುರ ಬಿಚ್ಚುವಂತಿದ್ದರೆ ಬೇರೆ ಇಡಿ.

ಗಾಜು ಅಥವಾ ಅಕ್ರಿಲಿಕ್ ಪೆಟ್ಟಿಗೆಯೊಳಗೆ ಮಾಡೆಲ್ ಇಟ್ಟು ಹಾಗೇ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಪೆಟ್ಟಿಗೆ ಒಡೆದರೆ ಅದೇ ಮಾಡೆಲ್ ಮೇಲೆ ಬೀಳುತ್ತದೆ. ಎರಡನ್ನೂ ಬೇರೆ ಬೇರೆ ಕಳಿಸಿ, ಇಲ್ಲವೇ ಪೆಟ್ಟಿಗೆಯನ್ನು ಅವರ ಊರಲ್ಲೇ ಮಾಡಿಸಿಕೊಳ್ಳಲಿ.

ಹೊರಡಬ್ಬಿ ಎಷ್ಟು ದೊಡ್ಡದು?

ರಟ್ಟಿನ ಡಬ್ಬಿಗಳಲ್ಲಿ 3 ಪ್ಲೈ, 5 ಪ್ಲೈ, 7 ಪ್ಲೈ ಅಂತ ಸಿಗುತ್ತವೆ, ಅಂದರೆ ಅಷ್ಟು ಪದರ. ಒಳಗೆ 3 ಪ್ಲೈ ಸಾಕು, ಹೊರಗೆ 5 ಪ್ಲೈ ಇರಲಿ. ರಟ್ಟಿನೊಳಗಿನ ಅಲೆಗಳು ಮೇಲಿಂದ ಕೆಳಕ್ಕೆ ನಿಂತಿರಬೇಕು. ಆಗಲೇ ಮೇಲೆ ಬೇರೆ ಪಾರ್ಸೆಲ್ ಹೇರಿದರೂ ತಡೆಯುತ್ತದೆ. ಒಳಡಬ್ಬಿಯ ಸುತ್ತ ಆರೂ ಕಡೆ 5 ಸೆಂ.ಮೀ. ಮೆತ್ತೆ.

ಇಲ್ಲಿ ಜೇಬು ಮಾತಾಡಲು ಶುರು ಮಾಡುತ್ತದೆ. ಹೆಚ್ಚಿನ ಕೊರಿಯರ್‌ಗಳು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ತೆಗೆದುಕೊಳ್ಳುತ್ತವೆ. ಉದ್ದ, ಅಗಲ, ಎತ್ತರ ಸೆಂ.ಮೀ.ಗಳಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ಮಾವನ ಮಿಗ್‌ನ ಹೊರಡಬ್ಬಿ 38×28×24. ಅಂದರೆ 5.1 ಕೆಜಿ. ತಕ್ಕಡಿಯಲ್ಲಿಟ್ಟರೆ ಒಂದು ಕೆಜಿಯೂ ಇಲ್ಲ! ಮೆತ್ತೆಯನ್ನು 3 ಸೆಂ.ಮೀ.ಗೆ ಇಳಿಸಿದರೆ ಡಬ್ಬಿ 34×24×20 ಆಗಿ 3.3 ಕೆಜಿಗೆ ಬರುತ್ತದೆ. ನಾನು ಇಳಿಸಲಿಲ್ಲ. ಎರಡು ಕೆಜಿಯ ದುಡ್ಡು ಉಳಿಸಲು ಎರಡು ತಿಂಗಳ ಸಂಜೆಗಳನ್ನು ಪಣಕ್ಕಿಡುವುದು ಯಾಕೆ? ನೀವು ಕಳಿಸುತ್ತಿರುವುದು ಅಂಗಡಿಯಲ್ಲಿ ಮತ್ತೆ ಸಿಗುವ ಡೈಕಾಸ್ಟ್ ಆದರೆ, ಧಾರಾಳವಾಗಿ 3 ಸೆಂ.ಮೀ. ಇಟ್ಟುಕೊಳ್ಳಿ.

ಈಗ ಆ 75 ಸೆಂ.ಮೀ. ಹಡಗಿನ ಡಬ್ಬಿಯನ್ನು ನೀವೇ ಲೆಕ್ಕ ಹಾಕಿ ನೋಡಿ.

ಮಳೆಗಾಲದಲ್ಲಿ ಒಳಡಬ್ಬಿಗೆ ಪ್ಲಾಸ್ಟಿಕ್ ಕವರ್ ಹಾಕಿ. ಒದ್ದೆಯಾದ ರಟ್ಟು ಹಪ್ಪಳದ ಹಿಟ್ಟಿನ ಹಾಗೆ, 5 ಪ್ಲೈ ಆದರೂ ಅಷ್ಟೇ. ‘ಫ್ರಾಜೈಲ್’ ಸ್ಟಿಕರ್ ಅಂಟಿಸಿ, ತಪ್ಪಿಲ್ಲ. ಆದರೆ ಅದನ್ನು ನಂಬಿ ಮೆತ್ತೆ ಕಡಿಮೆ ಮಾಡಬೇಡಿ. ಕನ್ವೇಯರ್ ಬೆಲ್ಟಿಗೆ ಓದಲು ಬರುವುದಿಲ್ಲ.

ಯಾರ ಕೈಗೆ ಕೊಡುವುದು?

ನೀವೇ ಹೊತ್ತುಕೊಂಡು ಹೋಗುವುದು ಎಲ್ಲಕ್ಕಿಂತ ಮೇಲು. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲ ಸಾಮಾನ್ಯವಾಗಿ 55×35×25 ಸೆಂ.ಮೀ., 7 ಕೆಜಿ ಒಳಗಿರಬೇಕು. ಮಿಗ್‌ನ ಒಳಡಬ್ಬಿ ಆರಾಮಾಗಿ ಹಿಡಿಯುತ್ತದೆ. ರೈಲಿನಲ್ಲಿ ಇನ್ನೂ ಸುಲಭ, ಮೇಲಿನ ಬರ್ತ್ ಸಿಕ್ಕಿದರೆ ತಲೆದಿಂಬಿನ ಪಕ್ಕ. ಯಾರಾದರೂ ನೆಂಟರು ಆ ಕಡೆ ಹೋಗುತ್ತಿದ್ದರೆ ಅವರ ಕೈಗೆ ಕೊಡುವುದೂ ಇದೇ ಲೆಕ್ಕ. ಆದರೆ ಅವರು ಅದನ್ನು ಸೂಟ್‌ಕೇಸ್ ಕೆಳಗೆ ಇಡದಂಥ ನೆಂಟರಾಗಿರಬೇಕು.

ಕರ್ನಾಟಕದೊಳಗೆ ಬಸ್ ಪಾರ್ಸೆಲ್ ನನಗೆ ಇಷ್ಟ. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ, ಖಾಸಗಿ ಬಸ್ಸಿನವರೂ ಒಯ್ಯುತ್ತಾರೆ. ನೇರ ಬಸ್ ಇದ್ದರೆ ಇಲ್ಲಿ ಒಬ್ಬರು ಹತ್ತಿಸುತ್ತಾರೆ, ಅಲ್ಲಿ ಒಬ್ಬರು ಇಳಿಸುತ್ತಾರೆ. ಪಾರ್ಸೆಲ್ ಮುರಿಯುವುದು ದೂರದಿಂದಲ್ಲ, ಎಷ್ಟು ಸಲ ಎತ್ತಿ ಇಡುತ್ತಾರೆ ಅನ್ನುವುದರಿಂದ. ಆದರೆ ಎರಡೂ ಕಡೆ ಬಸ್ ಸ್ಟ್ಯಾಂಡಿಗೆ ಹೋಗುವ ಜನ ಬೇಕು.

ಕೊರಿಯರ್ ಮನೆ ಬಾಗಿಲಿಗೆ ಬರುತ್ತದೆ. ನಡುವೆ ನಾಲ್ಕೈದು ಗೋದಾಮು ದಾಟುತ್ತದೆ, ಹಾಗಾಗಿ ತೊಟ್ಟಿಲೋ ಸ್ಕ್ರೂನೋ ಇಲ್ಲದೆ ಕೊಡಬೇಡಿ. ವಿಮೆ ಮಾಡಿಸುವಾಗ ‘ಮುರಿದರೆ ಕೊಡ್ತೀರಾ, ಕಳೆದುಹೋದರೆ ಮಾತ್ರಾನಾ’ ಅಂತ ಬಾಯಿಬಿಟ್ಟು ಕೇಳಿ. ಪ್ಯಾಕ್ ಮಾಡುವ ಪ್ರತಿ ಹಂತದ ಫೋಟೋ ಇರಲಿ. ಹಳ್ಳಿಗೆ ಕಳಿಸುವುದಾದರೆ ಅಂಚೆಯಷ್ಟು ದೂರ ತಲುಪುವವರು ಬೇರೆ ಇಲ್ಲ.

ಹೊರದೇಶಕ್ಕೆ

ಇಲ್ಲಿ ಒಂದು ವಿಷಯ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಸ್ಟಮ್ಸ್‌ನವರು ಡಬ್ಬಿ ತೆರೆಯಬಹುದು. ಟಿಶ್ಯೂವನ್ನು ಅವರು ನಿಮ್ಮ ಹಾಗೆ ಪದರ ಪದರವಾಗಿ ಮತ್ತೆ ತುಂಬುತ್ತಾರಾ? ತೊಟ್ಟಿಲು ಹಾಗಲ್ಲ. ಮುಚ್ಚಳ ಎತ್ತಿದರೆ ಇಡೀ ವಿಮಾನ ಕಾಣುತ್ತದೆ, ಮುಚ್ಚಿದರೆ ಮೊದಲಿನಂತೆ ಕೂರುತ್ತದೆ. ಸ್ಕ್ರೂ ಮಾಡಿದ ಹಡಗೂ ಹಾಗೇ. ಹೊರದೇಶಕ್ಕೆ ಇವೆರಡೇ. ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಒಂದು ಚೀಟಿ, ಪ್ಯಾಕ್ ಆದ ಸ್ಥಿತಿಯ ಒಂದು ಫೋಟೋ ಅಂಟಿಸಿ.

ಕಸ್ಟಮ್ಸ್ ಫಾರಂನಲ್ಲಿ ‘ಮಿಗ್-21’ ಅಂತ ಮಾತ್ರ ಬರೆದು ಯಾರನ್ನೂ ಗಾಬರಿ ಮಾಡಬೇಡಿ. ‘ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್’ ಅಂತ ಬರೆಯಿರಿ. ಸುಂಕದ ಲೆಕ್ಕಕ್ಕೆ ಸರಕುಗಳನ್ನು ವಿಂಗಡಿಸುವ ಎಚ್‌ಎಸ್ ಕೋಡ್‌ನಲ್ಲಿ ಸ್ಕೇಲ್ ಮಾಡೆಲ್‌ಗಳು ಆಟಿಕೆಗಳ ಜೊತೆ 9503ರಲ್ಲಿ ಬರುತ್ತವೆ. ರಿಪೇರಿಗೆ ಇರಲಿ ಅಂತ ಬಣ್ಣ, ತಿನ್ನರ್, ಸ್ಪ್ರೇ ಡಬ್ಬಿ ಜೊತೆಗೆ ಹಾಕಬೇಡಿ. ಬೆಂಕಿ ಹತ್ತುವ ವಸ್ತು ವಿಮಾನದ ಅಂಚೆಯಲ್ಲಿ ಹೋಗುವಂತಿಲ್ಲ. ಮಾಡೆಲ್‌ನಲ್ಲಿ ದೀಪ ಇದ್ದರೆ ಲಿಥಿಯಂ ಬ್ಯಾಟರಿ ತೆಗೆದು ಕಳಿಸಿ, ಅವರು ಅಲ್ಲೇ ಕೊಳ್ಳಲಿ.

ಮರದ ಪೆಟ್ಟಿಗೆ ಮಾಡಿಸುವ ಆಸೆ ಇದ್ದರೆ ತಿಳಿದಿರಲಿ. 6 ಮಿ.ಮೀ.ಗಿಂತ ದಪ್ಪದ ಸಂಸ್ಕರಿಸದ ಮರದ ಪ್ಯಾಕಿಂಗ್‌ಗೆ ‘ಐಎಸ್‌ಪಿಎಂ 15’ ಅನ್ನುವ ಅಂತರರಾಷ್ಟ್ರೀಯ ನಿಯಮ ಇದೆ. ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು ಅಥವಾ ಒಪ್ಪಿದ ಬೇರೆ ಚಿಕಿತ್ಸೆ ಆಗಿರಬೇಕು, ಮುದ್ರೆ ಬೇಕು. ಹುಳ ದೇಶ ದಾಟಬಾರದು ಅಂತ. ಪ್ಲೈವುಡ್‌ಗೆ ಈ ಕಾಟ ಇಲ್ಲ. ಹಾಗಾಗಿ ಪ್ಲೈವುಡ್ ಸಾಕು. ಇನ್ನು ಅಮೆರಿಕಕ್ಕೆ ಕಳಿಸುವವರು: 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿಯನ್ನು ಅವರು 2025ರ ಆಗಸ್ಟ್ 29ರಿಂದ ನಿಲ್ಲಿಸಿದರು. ಸುಂಕ ಎಷ್ಟು, ಯಾರು ಕಟ್ಟಬೇಕು ಅಂತ ಕಳಿಸುವ ಮುಂಚೆಯೇ ಕೇಳಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಉಡುಗೊರೆಗೆ ಅವರು ದುಡ್ಡು ಕೊಡಬೇಕಾಗುತ್ತದೆ.

ತೆರೆಯುವವರ ಕೈ

ಸಾವಿರ ಕಿಲೋಮೀಟರ್ ಸರಿಯಾಗಿ ಬಂದದ್ದು ಮೇಜಿನ ಮೇಲೆ ಮುರಿಯುವುದುಂಟು. ಮೊದಲ ಸಲ ಮಾವ ಡಬ್ಬಿಯನ್ನು ಬುಡಮೇಲು ಮಾಡಿ ಸುರಿದಿದ್ದರಂತೆ, ಅದನ್ನು ಆಮೇಲೆ ಅತ್ತೆ ಹೇಳಿದರು. ಹಾಗಾಗಿ ಹೊರಡಬ್ಬಿಯ ಮೇಲೆ ‘ಈ ಕಡೆ ತೆರೆಯಿರಿ, ಚಾಕು ಆಳಕ್ಕೆ ಬೇಡ’ ಅಂತ ಬರೆಯಿರಿ. ಟೇಪಿನ ತುದಿಯನ್ನು ಮಡಚಿ ಕಿವಿಯಂತೆ ಬಿಡಿ, ಕಿತ್ತರೆ ಬರಲಿ. ಒಳಗೆ ಒಂದು, ಎರಡು, ಮೂರು ಅಂತ ಏನನ್ನು ಮೊದಲು ತೆಗೆಯಬೇಕು ಅನ್ನುವ ಚೀಟಿ.

ಎರಡನೇ ಸಲ ನಾನು ವಿಡಿಯೋ ಕಾಲ್‌ನಲ್ಲಿ ಕೂತಿದ್ದೆ. ಚೀಟಿಯನ್ನು ಮಾವ ಓದಲೇ ಇಲ್ಲ. ನನ್ನ ಎದೆ ಡವಡವ ಅನ್ನುತ್ತಿತ್ತು. ಮುಚ್ಚಳ ಎತ್ತಿದರು, ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಕೈ ನೇರವಾಗಿ ಕೆಂಪು ದಾರಕ್ಕೆ ಹೋಯಿತು. ಸ್ಟ್ರಾವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಪಕ್ಕಕ್ಕೆ ಇಟ್ಟರು.

‘ನಿಂತಿರೋ ವಿಮಾನದ ಪಿಟೋಗೆ ಕೆಂಪು ಪಟ್ಟಿ ಇರೋ ಕವರ್ ಹಾಕಿರ್ತೀವಿ ಕಣೋ’ ಅಂದರು. ‘ಹಾರೋ ಮೊದಲು ಅದನ್ನ ತೆಗೀಬೇಕು. ಅದನ್ನೂ ನೀನು ಹೇಳಿಕೊಡಬೇಕಾ?’